186 ಸದಸ್ಯರಿಗೆ 186 ವೇರಿಯಬಲ್ ಬೇಕೆ?

ಪ್ರಶ್ನೆ: ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲ, ವಿಡಿಯೊ ನೋಡಿ ಪೈಥಾನ್ ಕಲಿತವನು. ಸಂಘದಲ್ಲಿ 186 ಸದಸ್ಯರಿದ್ದಾರೆ. ಬೆಳಿಗ್ಗೆ ಮತ್ತು ಸಂಜೆ ಅವರು ಹಾಕಿದ ಹಾಲಿನ ಲೀಟರ್, ಫ್ಯಾಟ್ ಎರಡೂ ಸಿಎಸ್‌ವಿ (ಅಲ್ಪವಿರಾಮದಿಂದ ಅಂಕಣಗಳನ್ನು ಬೇರ್ಪಡಿಸಿದ ಪಟ್ಟಿ) ಫೈಲಿನಲ್ಲಿ ಬರುತ್ತವೆ. ಪ್ರತಿ ಸದಸ್ಯರಿಗೂ ಹಾಲು_1, ಹಾಲು_2 ಎಂದು ಒಂದೊಂದು ವೇರಿಯಬಲ್ ಇರಲಿ ಎಂದು ಲೂಪಿನೊಳಗೆ, ಪಠ್ಯವನ್ನೇ ಪ್ರೋಗ್ರಾಂ ಆಗಿ ಓಡಿಸುವ ಎಕ್ಸೆಕ್ ಬಳಸಿ ಹೆಸರುಗಳನ್ನು ಸೃಷ್ಟಿಸಿದೆ. ಅದು ನಡೆಯಿತು. ಅದೇ ಸಾಲುಗಳನ್ನು ಒಂದು ಫಂಕ್ಷನ್ನಿನೊಳಗೆ ಹಾಕಿದಾಗ ‘ಹಾಲು_117 ಎಂಬ ಹೆಸರಿಲ್ಲ’ ಎಂದು ನೇಮ್ ಎರರ್ ಬಂತು. ಫಂಕ್ಷನ್ನಿನೊಳಗಿನ ಹೆಸರುಗಳನ್ನು ತೋರಿಸುವ ಲೋಕಲ್ಸ್ ಮೂಲಕ ಓದಿದರೆ ಸಿಗುತ್ತದೆ ಎಂದು ಎಲ್ಲೋ ಓದಿ ಹಾಗೆ ಮಾಡಿದೆ, ಸರಿಹೋಯಿತು. ಈಗ ಹೊಸ ಕಂಪ್ಯೂಟರ್ ಬಂದಿದೆ. ಹಳೆಯದರಲ್ಲಿ ಪೈಥಾನ್ 3.8 ಇತ್ತು, ಇದರಲ್ಲಿ 3.13 ಇದೆ, ಇದರಲ್ಲಿ ಆ ಉಪಾಯವೂ ನಡೆಯುತ್ತಿಲ್ಲ. ಎಕ್ಸೆಕ್ ಬಳಸಿದರೆ ವೈರಸ್‌ಗೆ ಬಾಗಿಲು ತೆರೆದಂತೆ ಎಂದು ಒಬ್ಬರು ಹೆದರಿಸುತ್ತಾರೆ. ಪಿಎಚ್‌ಪಿ ಭಾಷೆಯಲ್ಲಿ ಎರಡು ಡಾಲರ್ ಚಿಹ್ನೆ ಹಾಕಿದರೆ ಮುಗಿಯಿತು, ಪೈಥಾನಿಗೆ ಆ ಶಕ್ತಿ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನಿಜವಾಗಿ ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸ ಹೆಸರಿನ ವೇರಿಯಬಲ್ ಹುಟ್ಟಿಸಲು ಪೈಥಾನಿನಲ್ಲಿ ಸಾಧ್ಯವೇ ಎಂಬುದು ಒಂದು, ನಿಮ್ಮ ಲೆಕ್ಕಕ್ಕೆ ಅದು ಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ‘ಸಾಧ್ಯ’, ಎರಡನೆಯದಕ್ಕೆ ‘ಬೇಡ’. ಈ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡವರು ‘ಅದು ಆಗುವುದಿಲ್ಲ’ ಎಂದೋ ‘ಅದು ಅಪಾಯ’ ಎಂದೋ ಅರ್ಧ ಉತ್ತರ ಕೊಟ್ಟು ಹೋಗುವುದರಿಂದಲೇ ಕಲಿಯುವವರಿಗೆ ಗೊಂದಲ ಉಳಿಯುತ್ತದೆ. ನೀವು ಎಡವಿದ ಜಾಗದಲ್ಲಿ ಪ್ರೋಗ್ರಾಮಿಂಗ್ ಕಲಿತ ಬಹುತೇಕ ಎಲ್ಲರೂ ಒಮ್ಮೆ ಎಡವಿದ್ದಾರೆ, ನಾನೂ ಎಡವಿದ್ದೇನೆ.

ಮುಂದೆ ಓದುವ ಮುನ್ನ ಒಂದು ಮಾತು. ಇಲ್ಲಿ ಪೈಥಾನಿನ ಸ್ವಂತ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ‘ಹಾಲು’ ಎಂಬಂಥ ನಾವೇ ಇಟ್ಟ ಹೆಸರುಗಳು ಮಾತ್ರ ಕನ್ನಡದಲ್ಲೇ ಇದ್ದರೂ ನಡೆಯುತ್ತವೆ, 2008ರಲ್ಲಿ ಬಂದ ಪೈಥಾನ್ 3.0ರಿಂದ ಆ ಅನುಕೂಲ ಇದೆ.

ಮೊದಲು ನಿಮ್ಮ ಪ್ರೋಗ್ರಾಂ ಏಕೆ ಮೂರು ಕಡೆ ಮೂರು ರೀತಿ ನಡೆದುಕೊಂಡಿತು ಎಂಬುದನ್ನು ನೋಡೋಣ, ಏಕೆಂದರೆ ಇಡೀ ವಿಷಯದ ಬೇರು ಅಲ್ಲಿದೆ. ಶಾಲೆಯಲ್ಲಿ ವೇರಿಯಬಲ್ ಎಂದರೆ ಒಂದು ಡಬ್ಬಿ, ಅದರೊಳಗೆ ಬೆಲೆ ಇರುತ್ತದೆ ಎಂದು ಕಲಿಸುತ್ತಾರೆ. ಪೈಥಾನಿನ ಮಟ್ಟಿಗೆ ಹೆಸರು ಡಬ್ಬಿಯಲ್ಲ, ಒಂದು ವಸ್ತುವಿಗೆ ಕಟ್ಟಿದ ಚೀಟಿ. ಫೈಲಿನ ಹೊರಮಟ್ಟದಲ್ಲಿ, ಅಂದರೆ ಯಾವ ಫಂಕ್ಷನ್ನಿನ ಒಳಗೂ ಇಲ್ಲದಂತೆ ಬರೆದ ಹೆಸರುಗಳೆಲ್ಲ ಒಂದು ಡಿಕ್ಷನರಿಯಲ್ಲಿ, ಅಂದರೆ ಹೆಸರಿನ ಎದುರು ಬೆಲೆ ಬರೆದಿಡುವ ಖಾತೆಯಲ್ಲಿ, ನಮೂದಾಗುತ್ತವೆ. ಗ್ಲೋಬಲ್ಸ್ ಎಂಬ ಫಂಕ್ಷನ್ ಕರೆದರೆ ಸಿಗುವುದು ಆ ಡಿಕ್ಷನರಿಯ ನಕಲಲ್ಲ, ಅದೇ ಡಿಕ್ಷನರಿ. ಹಾಗಾಗಿ ಅಲ್ಲಿ ಎಕ್ಸೆಕ್ ಮೂಲಕ ಹಾಲು_117 ಎಂದು ಬರೆಸಿದಾಗ ಅದು ಆ ಖಾತೆಯಲ್ಲಿ ಹೊಸ ನಮೂದಾಯಿತು, ಮುಂದಿನ ಸಾಲಿನಲ್ಲಿ ಆ ಹೆಸರು ಸಿಕ್ಕಿತು. ನೂರೆಂಬತ್ತಾರು ಬಿಡಿ ವೇರಿಯಬಲ್‌ಗಳು ಡಿಕ್ಷನರಿಗಿಂತ ಹಗುರ, ವೇಗ ಎಂಬ ನಂಬಿಕೆಯೂ ಇಲ್ಲಿಗೇ ಬೀಳುತ್ತದೆ: ನೀವು ಡಿಕ್ಷನರಿ ಬೇಡವೆಂದು ಮಾಡಿದ್ದೇ ಡಿಕ್ಷನರಿಯೊಳಗೆ ಹೋಗಿ ಕುಳಿತಿದೆ, ಅದೂ ನಿಮ್ಮ ಪ್ರೋಗ್ರಾಮಿನ ಉಳಿದ ಎಲ್ಲ ಹೆಸರುಗಳ ಜೊತೆ ಬೆರೆತು.

ಫಂಕ್ಷನ್ನಿನೊಳಗಿನ ವ್ಯವಸ್ಥೆ ಬೇರೆ. ಫಂಕ್ಷನ್ ಓಡುವ ಮೊದಲೇ, ಅದನ್ನು ಕಂಪೈಲ್ ಮಾಡುವಾಗಲೇ (ಓಡಿಸಲು ತಕ್ಕ ರೂಪಕ್ಕೆ ಅನುವಾದಿಸುವಾಗಲೇ), ಪೈಥಾನ್ ಅದರ ಒಳಗಿನ ಸಾಲುಗಳನ್ನೆಲ್ಲ ಓದಿ, ಯಾವ ಹೆಸರಿಗೆ ಅಲ್ಲಿ ಬೆಲೆ ಕೊಡಲಾಗಿದೆಯೋ ಅದನ್ನು ಒಳಗಿನದೆಂದು ಗುರುತಿಸಿ, ಅಂಥ ಪ್ರತಿ ಹೆಸರಿಗೂ ಸಂಖ್ಯೆ ಹಾಕಿದ ಒಂದು ಗೂಡನ್ನು ಕಾದಿರಿಸುತ್ತದೆ. ಓಡುವಾಗ ಹೆಸರನ್ನು ಹುಡುಕುವ ಕೆಲಸವೇ ಇಲ್ಲ, ನೇರವಾಗಿ ಗೂಡಿಗೆ ಕೈ ಹಾಕುತ್ತದೆ. ಫಂಕ್ಷನ್ನಿನೊಳಗೆ ಕೆಲಸ ವೇಗವಾಗಿ ಆಗುವುದಕ್ಕೆ ಇದೂ ಒಂದು ಕಾರಣ. ಎಕ್ಸೆಕ್‌ಗೆ ಕೊಟ್ಟ ಪಠ್ಯದೊಳಗೆ ಅಡಗಿರುವ ಹಾಲು_117 ಎಂಬುದು ಆ ಓದಿಗೆ ಸಿಗುವುದಿಲ್ಲ, ಅದು ಬರೀ ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳು. ಆದ್ದರಿಂದ ಅದಕ್ಕೆ ಗೂಡಿಲ್ಲ. ಮುಂದೆ ನೀವು ಹಾಲು_117 ಎಂದು ನೇರವಾಗಿ ಬರೆದ ಸಾಲಿನಲ್ಲಿ ಪೈಥಾನ್ ‘ಇದು ಒಳಗಿನದಲ್ಲ, ಹೊರಗಿನದಿರಬೇಕು’ ಎಂದು ಹೊರಗಿನ ಖಾತೆಯಲ್ಲಿ ಹುಡುಕುತ್ತದೆ, ಅಲ್ಲಿಯೂ ಇಲ್ಲದೆ ನೇಮ್ ಎರರ್ ಕೊಡುತ್ತದೆ.

ಹಾಗಾದರೆ ಎಕ್ಸೆಕ್ ಅದನ್ನು ಎಲ್ಲಿ ಬರೆಯಿತು? ಲೋಕಲ್ಸ್ ಎಂಬುದು ಫಂಕ್ಷನ್ನಿನೊಳಗಿನ ಗೂಡುಗಳ ಸ್ಥಿತಿಯನ್ನು ಪ್ರತಿ ಮಾಡಿ ಕೊಡುವ ಒಂದು ಡಿಕ್ಷನರಿ, ಬರೆದದ್ದು ಆ ಪ್ರತಿಯ ಮೇಲೆ. ಪೈಥಾನ್ 3.12ರವರೆಗೆ ಒಂದು ಫಂಕ್ಷನ್ನಿನ ಒಂದು ಓಟದಲ್ಲಿ ಎಷ್ಟು ಸಲ ಲೋಕಲ್ಸ್ ಕೇಳಿದರೂ ಅದೇ ಪ್ರತಿಯೇ ಕೈಗೆ ಬರುತ್ತಿತ್ತು. ಅದಕ್ಕೇ ಎಕ್ಸೆಕ್ ಬರೆದಿಟ್ಟದ್ದನ್ನು ನೀವು ಲೋಕಲ್ಸ್ ಮೂಲಕ ಓದಿದಾಗ ಸಿಗುತ್ತಿತ್ತು. ಅದು ವ್ಯವಸ್ಥೆಯ ಭರವಸೆಯಾಗಿರಲಿಲ್ಲ, ಒಳರಚನೆಯ ಆಕಸ್ಮಿಕವಾಗಿತ್ತು. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಈ ಅಸ್ಪಷ್ಟತೆಯನ್ನು ತೆಗೆದು, ಪ್ರತಿ ಸಲ ಕೇಳಿದಾಗಲೂ ಹೊಸ, ಸ್ವತಂತ್ರ ಪ್ರತಿಯನ್ನೇ ಕೊಡುವಂತೆ ನಿಯಮ ಮಾಡಿದರು. ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಎಕ್ಸೆಕ್ ಒಂದು ಪ್ರತಿಯ ಮೇಲೆ ಬರೆಯುತ್ತಿದೆ, ನೀವು ಇನ್ನೊಂದು ಪ್ರತಿಯನ್ನು ಓದುತ್ತಿದ್ದೀರಿ. ಕಂಪ್ಯೂಟರ್ ಕೆಟ್ಟಿಲ್ಲ, ನೀವು ಟೈಪ್ ಮಾಡಿದ್ದರಲ್ಲೂ ತಪ್ಪಿಲ್ಲ. ಪೈಥಾನ್ 2ರ ಕಾಲದ ಪಾಠಗಳನ್ನು ನೋಡಿದವರಿಗೆ ಇನ್ನೊಂದು ಗೊಂದಲವೂ ಕಾದಿದೆ. ಆಗ ಎಕ್ಸೆಕ್ ಫಂಕ್ಷನ್ ಆಗಿರಲಿಲ್ಲ, ಭಾಷೆಯದೇ ಒಂದು ವಾಕ್ಯವಾಗಿತ್ತು. ಅದನ್ನು ಕಂಡ ಕೂಡಲೇ ಕಂಪೈಲರ್ ಗೂಡುಗಳ ವ್ಯವಸ್ಥೆಯನ್ನು ಬದಿಗಿಟ್ಟು ಹೆಸರು ಹುಡುಕುವ ನಿಧಾನದ ದಾರಿ ಹಿಡಿಯುತ್ತಿತ್ತು, ಆದ್ದರಿಂದ ಫಂಕ್ಷನ್ನಿನೊಳಗೂ ನಿಮ್ಮ ಉಪಾಯ ನಡೆಯುತ್ತಿತ್ತು.

ಈಗ ನಿಮಗೆ ಸಿಕ್ಕ ಎರಡು ಸಲಹೆಗಳ ವಿಚಾರ. ಎಕ್ಸೆಕ್ ಎಂದರೆ ವೈರಸ್ ಎಂಬುದು ಅರ್ಧ ನಿಜ. ಎಕ್ಸೆಕ್ ತನಗೆ ಕೊಟ್ಟ ಪಠ್ಯವನ್ನು ಪ್ರೋಗ್ರಾಂ ಎಂದೇ ತಿಳಿದು ಓಡಿಸುತ್ತದೆ. ಆ ಪಠ್ಯದ ಒಂದು ತುಣುಕು ನಿಮ್ಮ ಕೈಯಿಂದಲ್ಲದೆ ಹೊರಗಿನ ಫೈಲಿನಿಂದ ಬಂದರೆ, ಆ ಫೈಲನ್ನು ತಿದ್ದಬಲ್ಲ ಯಾರೇ ಆದರೂ ನಿಮ್ಮ ಕಂಪ್ಯೂಟರಿನಲ್ಲಿ ತಮಗೆ ಬೇಕಾದ ಆಜ್ಞೆಯನ್ನು ಓಡಿಸಬಹುದು. ಲೀಟರ್ ಇರಬೇಕಾದ ಅಂಕಣದಲ್ಲಿ ಫೈಲುಗಳನ್ನು ಅಳಿಸುವ ಸಾಲೊಂದನ್ನು ಇಟ್ಟರೆ ಎಕ್ಸೆಕ್ ಅದನ್ನೂ ವಿಧೇಯವಾಗಿ ನಡೆಸಿಕೊಡುತ್ತದೆ. ನಿಮ್ಮ ಸಂಘದಲ್ಲಿ ಅಂಥ ದುರುದ್ದೇಶ ಯಾರಿಗೂ ಇರಲಾರದು, ಆದರೆ ಫೈಲು ಇಮೇಲಿನಲ್ಲೋ ಪೆನ್ ಡ್ರೈವಿನಲ್ಲೋ ಬರುವುದಾದರೆ ‘ಇರಲಾರದು’ ಎಂಬುದನ್ನು ನಂಬಿ ಹಣದ ಲೆಕ್ಕ ನಡೆಸಬಾರದು. ಇಷ್ಟಾಗಿಯೂ ಎಕ್ಸೆಕ್ ಎಂಬುದು ಪಾಪವಲ್ಲ. ಪೈಥಾನಿನ ಜೊತೆಗೇ ಬರುವ ಡೇಟಾಕ್ಲಾಸ್ ಎಂಬ ಸೌಲಭ್ಯ ಒಳಗೊಳಗೆ ಎಕ್ಸೆಕ್ ಬಳಸಿಯೇ ತನ್ನ ಫಂಕ್ಷನ್‌ಗಳನ್ನು ತಯಾರಿಸುತ್ತದೆ. ಅಲ್ಲಿ ಪಠ್ಯ ಹುಟ್ಟುವುದು ಪ್ರೋಗ್ರಾಮರ್ ಬರೆದ ಹೆಸರುಗಳಿಂದ, ಹೊರಗಿನ ದತ್ತಾಂಶದಿಂದಲ್ಲ.

ಪಿಎಚ್‌ಪಿಯ ಎರಡು ಡಾಲರ್ ಚಿಹ್ನೆಯ ವಿಷಯ ನಿಜ, ಒಂದು ವೇರಿಯಬಲ್‌ನೊಳಗಿನ ಪಠ್ಯವನ್ನೇ ಇನ್ನೊಂದರ ಹೆಸರನ್ನಾಗಿ ಬಳಸುವ ಸೌಕರ್ಯ ಆ ಭಾಷೆಯಲ್ಲಿದೆ. ಆದರೆ ಪಿಎಚ್‌ಪಿಯ ಚರಿತ್ರೆಯನ್ನು ಬಲ್ಲವರು ಅದನ್ನು ಹೊಗಳುವಾಗ ಸ್ವಲ್ಪ ಅಳುಕುತ್ತಾರೆ. ಅದರಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಒಂದು ಏರ್ಪಾಡಿತ್ತು. ಜಾಲತಾಣದ ಅರ್ಜಿಯಲ್ಲಿ ಬಳಕೆದಾರ ತುಂಬಿದ ಪ್ರತಿ ಅಂಕಣವೂ ತಾನಾಗಿಯೇ ಅದೇ ಹೆಸರಿನ ವೇರಿಯಬಲ್ ಆಗುತ್ತಿತ್ತು, ಬರೆಯುವವರಿಗೆ ಬಹಳ ಅನುಕೂಲ. ವಿಳಾಸದ ಕೊನೆಗೆ ತನಗೆ ಬೇಕಾದ ಹೆಸರು ಸೇರಿಸಿ, ‘ಈತ ನಿರ್ವಾಹಕ’ ಎಂಬರ್ಥದ ವೇರಿಯಬಲ್ಲನ್ನು ಹೊರಗಿನಿಂದಲೇ ಹುಟ್ಟಿಸುವುದು ಕಿಡಿಗೇಡಿಗಳಿಗೂ ಅಷ್ಟೇ ಅನುಕೂಲವಾಗಿತ್ತು. 2002ರಲ್ಲಿ ಬಂದ 4.2ರಿಂದ ಅದನ್ನು ಮೊದಲೇ ಸ್ಥಗಿತಗೊಳಿಸಿ ಕೊಡತೊಡಗಿದರು, 2012ರ 5.4ರಲ್ಲಿ ಪೂರ್ತಿಯಾಗಿ ತೆಗೆದೇ ಹಾಕಿದರು. ಪರ್ಲ್ ಭಾಷೆಯವರೂ ಇಂಥದ್ದನ್ನೇ ಅನುಭವಿಸಿ, ಸ್ಟ್ರಿಕ್ಟ್ ಎಂಬ ಕಟ್ಟುಪಾಡಿನಲ್ಲಿ ಹೆಸರಿನ ಪಠ್ಯದಿಂದ ವೇರಿಯಬಲ್ ಮುಟ್ಟುವುದನ್ನು ತಡೆದರು. ಆದ್ದರಿಂದ ಇದು ಪೈಥಾನಿಗೆ ಇಲ್ಲದ ಶಕ್ತಿ ಎನ್ನುವುದು ತಪ್ಪು, ಗ್ಲೋಬಲ್ಸ್ ಡಿಕ್ಷನರಿಗೆ ಬರೆದರೆ ಪೈಥಾನೂ ಅದನ್ನೇ ಮಾಡುತ್ತದೆ.

ಹೀಗೆ ‘ಸಾಧ್ಯ’ ಎಂಬುದು ಮುಗಿಯಿತು. ‘ಬೇಡ’ ಏಕೆ ಎಂಬುದಕ್ಕೆ ನಿಮಗೊಂದು ಪ್ರಶ್ನೆ ಕೇಳುತ್ತೇನೆ. ಹಾಲು_117 ಎಂಬ ವೇರಿಯಬಲ್ ಹುಟ್ಟಿತು ಎಂದುಕೊಳ್ಳಿ, ಅದನ್ನು ಬಳಸುವ ಸಾಲನ್ನು ಯಾರು ಬರೆಯುತ್ತಾರೆ? ನೀವೇ ಕೈಯಾರೆ ಬರೆಯುವುದಾದರೆ 117 ಎಂಬ ಸದಸ್ಯರಿದ್ದಾರೆಂದು ಬರೆಯುವಾಗಲೇ ಗೊತ್ತಿರಬೇಕು, ಮತ್ತು ಇಡೀ ತಿಂಗಳ ಮೊತ್ತ ಬೇಕಾದಾಗ 186 ಹೆಸರುಗಳನ್ನು ಕೂಡಿಸುವ ಚಿಹ್ನೆ ಹಾಕುತ್ತ ಬರೆಯಬೇಕು. ಅದೂ ಲೂಪಿನಲ್ಲೇ ಆಗಲಿ ಎಂದರೆ ಹೆಸರನ್ನು ಮತ್ತೆ ಪಠ್ಯವಾಗಿ ಜೋಡಿಸಿ ಗ್ಲೋಬಲ್ಸ್‌ನಲ್ಲಿ ಹುಡುಕಬೇಕು. ಅಂದರೆ ಬರೆಯುವಾಗಲೂ ಡಿಕ್ಷನರಿ, ಓದುವಾಗಲೂ ಡಿಕ್ಷನರಿ, ನಡುವೆ ವೇರಿಯಬಲ್ ಎಂಬ ವೇಷ ಮಾತ್ರ. ವೇರಿಯಬಲ್‌ನ ಹೆಸರು ಪ್ರೋಗ್ರಾಂ ಬರೆಯುವವರಿಗೂ ಓದುವವರಿಗೂ ಇಟ್ಟದ್ದು. ಹೆಸರಿನ ಒಂದು ಭಾಗ ಫೈಲಿನಿಂದ ಬರುತ್ತಿದೆ ಎಂದಾದರೆ ಆ ಭಾಗ ಹೆಸರಲ್ಲ, ಅದು ದತ್ತಾಂಶ. ನಿಮ್ಮ 117 ಇರಬೇಕಾದ್ದು ಲೆಡ್ಜರಿನ ಅಂಕಣದಲ್ಲಿ. ನೀವು ಅದನ್ನು ಲೆಡ್ಜರಿನ ರಟ್ಟಿನ ಮೇಲೆ ಬರೆದು, ಪ್ರತಿ ಸದಸ್ಯರಿಗೂ ಬೇರೆ ಬೇರೆ ಲೆಡ್ಜರ್ ತರಿಸುತ್ತಿದ್ದೀರಿ.

ಇದು ಬರೀ ಶೈಲಿಯ ಮಾತಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಹೆಚ್ಚುವರಿ ದುಡಿಮೆಯ ಭತ್ಯೆ ಲೆಕ್ಕ ಹಾಕುವ ಪ್ರೋಗ್ರಾಂ ದುರಸ್ತಿಗೆಂದು ನನ್ನ ಬಳಿ ಬಂದಿತ್ತು. ಪ್ರತಿ ನೌಕರರ ಸಂಖ್ಯೆಗೆ ಒಂದು ವೇರಿಯಬಲ್ ಹುಟ್ಟಿಸಿ, ವಾರದಿಂದ ವಾರಕ್ಕೆ ಲೂಪ್ ಓಡಿಸುತ್ತಿದ್ದರು. ಒಂದು ವಾರ ಹೆಚ್ಚುವರಿ ಕೆಲಸ ಮಾಡಿ ಮರುವಾರ ರಜೆ ಹಾಕಿದವರ ಸಾಲು ಫೈಲಿನಲ್ಲಿ ಬರುತ್ತಿರಲಿಲ್ಲ. ಸಾಲು ಬರದಿದ್ದರೆ ಅವರ ವೇರಿಯಬಲ್‌ಗೆ ಹೊಸ ಬೆಲೆ ಸಿಗುವುದಿಲ್ಲ, ಆದರೆ ಹಿಂದಿನ ವಾರದ ಬೆಲೆ ಎಲ್ಲಿಯೂ ಹೋಗಿರುವುದಿಲ್ಲ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಹಳೆಯ ಗಂಟೆಗಳಿಗೇ ಮತ್ತೊಮ್ಮೆ ಹಣ ಹಾಕುತ್ತಿತ್ತು. ಹೆಚ್ಚು ಹಣ ಬಂದವರು ದೂರು ಕೊಡಲು ಅವಸರ ಮಾಡುವುದಿಲ್ಲವಾದ್ದರಿಂದ ಅದು ಬಹಳ ಕಾಲ ಗೊತ್ತಾಗಲೇ ಇಲ್ಲ. ನಿಮ್ಮಲ್ಲಿ ಸಂಜೆ ಪಾಳಿಗೆ ಹಾಲು ಹಾಕದ ಸದಸ್ಯರಿಗೆ ಬೆಳಗಿನ ಲೀಟರ್ ಮತ್ತೆ ಎಣಿಕೆಯಾಗುವುದು ಇದೇ ದಾರಿಯಲ್ಲಿ. ಡಿಕ್ಷನರಿಯಾದರೆ ಪ್ರತಿ ಪಾಳಿಗೆ ಖಾಲಿಯಾದ ಹೊಸದೊಂದನ್ನು ತೆಗೆದುಕೊಂಡರೆ ಮುಗಿಯಿತು. ಚದುರಿಹೋದ ನೂರಾರು ವೇರಿಯಬಲ್‌ಗಳನ್ನು ಖಾಲಿ ಮಾಡುವುದು ಯಾರಿಗೂ ನೆನಪಿರುವುದಿಲ್ಲ.

ಹೆಸರುಗಳ ಘರ್ಷಣೆ ಇನ್ನೊಂದು ತಲೆನೋವು. ಸಿಎಸ್‌ವಿಯ ಅಂಕಣಗಳ ಶೀರ್ಷಿಕೆಗಳನ್ನೇ ವೇರಿಯಬಲ್ ಮಾಡುವವರು ಬಹಳ ಮಂದಿ. ಕೊನೆಯ ಅಂಕಣಕ್ಕೆ ಯಾರೋ ಇಂಗ್ಲಿಷಿನಲ್ಲಿ ‘ಸಮ್’ ಎಂದು ಶೀರ್ಷಿಕೆ ಕೊಟ್ಟಿದ್ದರೆ ಪೈಥಾನಿನ ಕೂಡುವ ಫಂಕ್ಷನ್ ಸಮ್ ಅದರ ಕೆಳಗೆ ಮುಚ್ಚಿಹೋಗುತ್ತದೆ, ಆಮೇಲೆ ಇನ್ನೆಲ್ಲೋ ಮೊತ್ತ ಹಾಕುವಾಗ ‘ಈ ಸಂಖ್ಯೆಯನ್ನು ಫಂಕ್ಷನ್‌ನಂತೆ ಕರೆಯಲಾಗದು’ ಎಂಬ ಸಂಬಂಧವೇ ಇಲ್ಲದಂತೆ ಕಾಣುವ ದೂರು ಬರುತ್ತದೆ. ಎಡಿಟರ್ ಕೂಡ ನಿಮ್ಮ ನೆರವಿಗೆ ಬರುವುದಿಲ್ಲ. ಓಡುವಾಗ ಹುಟ್ಟುವ ಹೆಸರು ಅದಕ್ಕೆ ಕಾಣದ ಕಾರಣ ಸರಿಯಾದ ಸಾಲಿನ ಕೆಳಗೂ ಕೆಂಪು ಗೆರೆ ಎಳೆಯುತ್ತದೆ.

ಕನ್ನಡದಂಥ ಲಿಪಿಗಳಲ್ಲಿ ಹೆಸರಿಡುವವರಿಗೆ ಎದುರಾಗುವ ಎರಡು ಸೂಕ್ಷ್ಮಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇವು ಸಾಮಾನ್ಯ ಪಾಠಗಳಲ್ಲಿ ಸಿಗುವುದಿಲ್ಲ ಮತ್ತು ಮುಂದೆ ನೀವು ಸಂಖ್ಯೆಯ ಬದಲು ಸದಸ್ಯರ ಹೆಸರನ್ನೇ ವೇರಿಯಬಲ್ ಮಾಡಲು ಹೊರಟರೆ ಇವುಗಳಿಗೆ ಸಿಕ್ಕಿಬೀಳುತ್ತೀರಿ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗಿ ಸೇರಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಕೀಬೋರ್ಡ್ ಸೇರಿಸುತ್ತದೆ. ಪೈಥಾನ್ ಆ ಚಿಹ್ನೆಯನ್ನು ವೇರಿಯಬಲ್ ಹೆಸರಿನಲ್ಲಿ ಒಪ್ಪುವುದಿಲ್ಲ. ಎಕ್ಸೆಕ್ ಮೂಲಕ ಹೋದರೆ ವಾಕ್ಯದೋಷ ಎಂದು ನಿಲ್ಲುತ್ತದೆ. ಗ್ಲೋಬಲ್ಸ್ ಮೂಲಕ ಹೋದರೆ ಯಾವ ತಕರಾರೂ ಇಲ್ಲದೆ ಒಳಗೆ ಸೇರುತ್ತದೆ, ಆದರೆ ಪ್ರೋಗ್ರಾಮಿನ ಯಾವ ಸಾಲಿನಲ್ಲೂ ಆ ಹೆಸರನ್ನು ಬರೆದು ಅದನ್ನು ಮುಟ್ಟಲಾಗದು. ಎರಡನೆಯದು ಇನ್ನೂ ನಾಜೂಕು. ‘ಕೊಟ್ರಪ್ಪ’ ಎಂಬಲ್ಲಿನ ಕೊ ಅಕ್ಷರದ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು, ತೆರೆಯ ಮೇಲೆ ಎರಡೂ ಒಂದೇ. ಪ್ರೋಗ್ರಾಮಿನ ಸಾಲಿನಲ್ಲಿ ಬರೆದ ಹೆಸರುಗಳನ್ನು ಪೈಥಾನ್ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ, ಆದರೆ ಡಿಕ್ಷನರಿಗೆ ನೇರವಾಗಿ ಕೊಟ್ಟ ಪಠ್ಯವನ್ನು ಇದ್ದಂತೆಯೇ ಇಡುತ್ತದೆ. ಹೀಗಾಗಿ ಗ್ಲೋಬಲ್ಸ್‌ನಲ್ಲಿ ಜೋಡಿ ರೂಪದಲ್ಲಿ ಕುಳಿತ ಕೊಟ್ರಪ್ಪ, ಸಾಲಿನಲ್ಲಿ ಬರೆದು ಕರೆದಾಗ ಓಗೊಡುವುದೇ ಇಲ್ಲ.

ನಿಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟೇ:

ಹಾಲು = {}
ಹಾಲು["117"] = 6.5

ಇದು ಪೂರ್ತಿ ಪೈಥಾನ್, ಹೀಗೆಯೇ ಟೈಪ್ ಮಾಡಿದರೂ ಓಡುತ್ತದೆ. ಫಂಕ್ಷನ್ನಿನ ಒಳಗೆ, ಹೊರಗೆ, 3.8ರಲ್ಲಿ, 3.13ರಲ್ಲಿ ಒಂದೇ ರೀತಿ ನಡೆಯುತ್ತದೆ, ಏಕೆಂದರೆ ಕಂಪೈಲರ್‌ಗೆ ಕಾಣಬೇಕಾದ ಹೆಸರು ‘ಹಾಲು’ ಒಂದೇ, ಅದು ಅದಕ್ಕೆ ಕಾಣುತ್ತಿದೆ. ಎಲ್ಲರ ಮೊತ್ತ ಬೇಕಾದರೆ ಸಮ್(ಹಾಲು.ವ್ಯಾಲ್ಯೂಸ್()) ಎಂಬ ಒಂದು ಸಾಲು ಸಾಕು. 2018ರ 3.7ರಿಂದ ಡಿಕ್ಷನರಿ ತನ್ನೊಳಗೆ ಸೇರಿದ ಕ್ರಮವನ್ನು ಕಾಯ್ದುಕೊಳ್ಳುತ್ತದೆ ಎಂಬ ಖಾತರಿಯೂ ಇರುವುದರಿಂದ ಬಟವಾಡೆ ಪಟ್ಟಿ ಫೈಲಿನ ಕ್ರಮದಲ್ಲೇ ಹೊರಬರುತ್ತದೆ. ಪಾಳಿಯನ್ನೂ ಬೇರೆ ಇಡಬೇಕೆಂದರೆ ಚೌಕ ಆವರಣದೊಳಗಿನ ಕೀಲಿಯೇ ಎರಡು ಭಾಗದ್ದಾಗಬಹುದು:

ಹಾಲು["117", "ಸಂಜೆ"] = 4.0

ಇದರಲ್ಲೂ ಕಾಲಿಗೆ ಚುಚ್ಚುವ ಮುಳ್ಳುಗಳಿವೆ, ಮುಚ್ಚಿಡುವುದಿಲ್ಲ. ಪಠ್ಯವಾದ "117" ಮತ್ತು ಸಂಖ್ಯೆಯಾದ 117 ಡಿಕ್ಷನರಿಗೆ ಎರಡು ಬೇರೆ ಕೀಲಿಗಳು. ಸಿಎಸ್‌ವಿ ಓದುವ ಮಾಡ್ಯೂಲ್ ಎಲ್ಲವನ್ನೂ ಪಠ್ಯವಾಗಿಯೇ ಕೊಡುತ್ತದೆ, ಇನ್ನೆಲ್ಲೋ ನೀವು ಸಂಖ್ಯೆ ಬಳಸಿದರೆ ಒಬ್ಬರೇ ಸದಸ್ಯರು ಇಬ್ಬರಾಗುತ್ತಾರೆ. ಯಾವುದಾದರೂ ಒಂದನ್ನು ನಿಶ್ಚಯಿಸಿ, ಫೈಲು ಓದಿದ ಕೂಡಲೇ ಆ ರೂಪಕ್ಕೆ ತನ್ನಿ. ಎರಡನೆಯದಾಗಿ, ಒಬ್ಬ ಸದಸ್ಯರ ಎರಡು ಸಾಲುಗಳು ಒಂದೇ ಕೀಲಿಗೆ ಬಂದರೆ ಸಮಚಿಹ್ನೆ ಹಿಂದಿನದನ್ನು ಅಳಿಸಿ ಬರೆಯುತ್ತದೆ, ಕೂಡುವುದಿಲ್ಲ. ತಿಂಗಳ ಮೊತ್ತ ಕಟ್ಟುವಾಗ ಕಲೆಕ್ಷನ್ಸ್ ಮಾಡ್ಯೂಲಿನ, ಇಲ್ಲದ ಕೀಲಿಗೆ ತಾನೇ ಸೊನ್ನೆ ಇಡುವಂತೆ ಮಾಡಬಹುದಾದ ಡಿಫಾಲ್ಟ್ ಡಿಕ್ಟ್ ತೆಗೆದುಕೊಂಡು ಕೂಡಿಸುತ್ತ ಹೋಗಿ. ಆದರೆ ಓದುವ ಹೊತ್ತಿಗೆ ಅದನ್ನು ಸಾಮಾನ್ಯ ಡಿಕ್ಷನರಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ತಪ್ಪು ಸಂಖ್ಯೆ ಕೇಳಿದಾಗ ಕೀ ಎರರ್ ಬರುವ ಬದಲು ಸೊನ್ನೆ ಬರುತ್ತದೆ. ಹಣದ ವಿಷಯದಲ್ಲಿ ಪ್ರೋಗ್ರಾಂ ಮೌನವಾಗಿ ಸೊನ್ನೆ ಕೊಡುವುದಕ್ಕಿಂತ ಗಟ್ಟಿಯಾಗಿ ಕಿರುಚಿ ನಿಲ್ಲುವುದು ಮೇಲು. ಇನ್ನು ಕೀಲಿಯಾಗಿ ಸದಸ್ಯ ಸಂಖ್ಯೆಯನ್ನೇ ಇಡಿ, ಹೆಸರನ್ನು ಅದರ ಜೊತೆಗಿನ ವಿವರವಾಗಿ ಇಡಿ. ಒಂದೂರಿನಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ ಇರುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ಕೊಟ್ರಪ್ಪನ ತೊಂದರೆಯೂ ಇದರಿಂದ ತಪ್ಪುತ್ತದೆ.

ಲಿಸ್ಟ್ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಂಖ್ಯೆಗಳು ಒಂದರಿಂದ ತಡೆಯಿಲ್ಲದೆ ಸಾಗಿದ್ದರೆ ಸಾಕಾಗುತ್ತಿತ್ತು, ಆದರೆ ಸದಸ್ಯತ್ವ ಬಿಟ್ಟವರ ಸಂಖ್ಯೆಗಳು ಖಾಲಿ ಉಳಿಯುತ್ತವೆ, ಜೊತೆಗೆ ಲಿಸ್ಟ್ ಸೊನ್ನೆಯಿಂದ ಎಣಿಸುವುದರಿಂದ 117ನೆಯವರ ಹಾಲು 118ನೆಯವರಿಗೆ ಹೋಗುವ ಸಾಧ್ಯತೆ ಸದಾ ಇರುತ್ತದೆ. ಚುಕ್ಕೆ ಹಾಕಿ ಬರೆಯುವ ಆಸೆ ಇರುವವರು ಸೆಟ್ ಆಟ್ರ್ ಎಂಬ ಫಂಕ್ಷನ್ ಬಳಸಿ ಒಂದು ಆಬ್ಜೆಕ್ಟಿಗೆ ಗುಣಗಳನ್ನು ಅಂಟಿಸಬಹುದು. ಕನಿಷ್ಠ ಎಲ್ಲವೂ ಒಂದೇ ಕಡೆ ಇರುತ್ತವೆ ಎಂಬುದು ಅದರ ಲಾಭ, ಹೆಸರು ದತ್ತಾಂಶದಿಂದ ಬರುತ್ತದೆ ಎಂಬ ಮೂಲ ದೋಷ ಹಾಗೇ ಉಳಿಯುತ್ತದೆ. ಎಕ್ಸೆಕ್ ಬಿಡಲಾಗದ ಹಳೆಯ ಪ್ರೋಗ್ರಾಂ ಯಾರಿಗಾದರೂ ಇದ್ದರೆ, ಅದಕ್ಕೆ ತಮ್ಮದೇ ಒಂದು ಡಿಕ್ಷನರಿಯನ್ನು ಮೂರನೆಯ ಮೌಲ್ಯವಾಗಿ ಕೊಟ್ಟರೆ ಹೆಸರುಗಳು ಅದರೊಳಗೆ ಹೋಗಿ ಬೀಳುತ್ತವೆ. ಎರಡನೆಯ ಮೌಲ್ಯವಾಗಿ ಕೊಟ್ಟರೆ ಪೈಥಾನ್ ತನ್ನ ಬಿಲ್ಟಿನ್ಸ್ ಎಂಬ ನಮೂದನ್ನೂ ಅದರಲ್ಲಿ ಸೇರಿಸುತ್ತದೆ, ಮೊತ್ತ ಹಾಕುವಾಗ ಅದು ಅಡ್ಡ ಬರುತ್ತದೆ. ಇದು ತಾತ್ಕಾಲಿಕ ಆಸರೆಯಷ್ಟೇ, ಹೊರಗಿನ ಪಠ್ಯ ಓಡುವ ಅಪಾಯ ಇದರಿಂದ ಕಡಿಮೆಯಾಗುವುದಿಲ್ಲ.

ಒಂದು ಹಂತ ದಾಟಿದ ಮೇಲೆ ಡಿಕ್ಷನರಿಯೂ ಸಾಲದು. ದಿನಾಂಕ, ಪಾಳಿ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಎಂದು ಡಿಕ್ಷನರಿಯೊಳಗೆ ಡಿಕ್ಷನರಿ ಹೆಣೆಯುತ್ತಿರುವುದು ನಿಮ್ಮ ಗಮನಕ್ಕೆ ಬಂದಾಗ ಎಸ್‌ಕ್ಯೂ‌ಲೈಟ್ ಎಂಬ ಪುಟ್ಟ ಡೇಟಾಬೇಸ್ ಕಡೆಗೆ ಹೋಗಿ. 2006ರ 2.5ರಿಂದಲೂ ಅದು ಪೈಥಾನಿನ ಜೊತೆಗೇ ಬರುತ್ತದೆ, ಪ್ರತ್ಯೇಕ ಸರ್ವರ್ ಬೇಡ, ಇಡೀ ಲೆಕ್ಕ ಒಂದೇ ಫೈಲಿನಲ್ಲಿರುತ್ತದೆ. ಒಂದು ಪಾಳಿಯ ಒಬ್ಬ ಸದಸ್ಯರ ಹಾಲಿಗೆ ಒಂದು ಸಾಲು, ಅಷ್ಟೇ ವಿನ್ಯಾಸ. ದಿನಾಂಕ, ಪಾಳಿ, ಸದಸ್ಯ ಸಂಖ್ಯೆ ಮೂರೂ ಸೇರಿ ಮರುಕಳಿಸಬಾರದು ಎಂಬ ನಿಬಂಧನೆ ಹಾಕಿದರೆ ಒಂದೇ ಫೈಲನ್ನು ಮರೆತು ಎರಡು ಸಲ ಸೇರಿಸಿದಾಗ ಅದು ತಡೆಯುತ್ತದೆ. ನಿಮಗೆ ಈಗಲೇ ಇದು ಬೇಕೆಂದು ನಾನು ಹೇಳುವುದಿಲ್ಲ. ಈ ತಿಂಗಳ ಬಟವಾಡೆ ಡಿಕ್ಷನರಿಯಲ್ಲೇ ಆಗಲಿ.

ಹಳೆಯ ಪ್ರೋಗ್ರಾಮನ್ನು ಒಮ್ಮೆಲೇ ಅಳಿಸಬೇಡಿ. 3.8ಕ್ಕೆ 2024ರ ಅಕ್ಟೋಬರಿನ ನಂತರ ಭದ್ರತಾ ತಿದ್ದುಪಡಿಗಳು ನಿಂತಿರುವುದರಿಂದ ಹಳೆಯ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ಬಿಡಿಸಿ, ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ. ಈಗಾಗಲೇ ಬಟವಾಡೆಯಾದ ಒಂದು ತಿಂಗಳ ಸಿಎಸ್‌ವಿಯನ್ನು ಎರಡೂ ಪ್ರೋಗ್ರಾಮುಗಳಿಗೆ ಕೊಟ್ಟು, ಸದಸ್ಯರ ಲೀಟರ್ ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಿ ನೋಡಿ. ವ್ಯತ್ಯಾಸ ಕಂಡ ಸಂಖ್ಯೆಗಳನ್ನು ಗುರುತು ಹಾಕಿಕೊಂಡು, ಆ ಸದಸ್ಯರು ಯಾವ ಪಾಳಿ ತಪ್ಪಿಸಿದ್ದರು ಎಂಬುದನ್ನು ಮೊದಲು ಪುಸ್ತಕದಲ್ಲಿ ಹುಡುಕಿ. ಹೊಸ ಪ್ರೋಗ್ರಾಮಿನಲ್ಲಿ ಅವರ ಲೀಟರ್ ಕಡಿಮೆ ಬಂದಿದ್ದು ಪುಸ್ತಕವೂ ಅದನ್ನೇ ಹೇಳುತ್ತಿದ್ದರೆ, ಹಿಂದಿನ ತಿಂಗಳುಗಳ ಪಟ್ಟಿಗಳನ್ನೂ ತೆಗೆದುಕೊಂಡು ಕಾರ್ಯದರ್ಶಿಯವರ ಜೊತೆ ಕೂರಬೇಕಾಗುತ್ತದೆ.